ಒರಿಜಿನಲ್

ಮೇ ಕೊನೆಗೆ ಬಲ್ಮಠದ ಏರಿನ ನನ್ನ ಅಂಗಡಿಗೆ ಜ್ವರ.
ಯಂತ್ರದ ಮೈ ಮುಟ್ಟಿದರೆ ಸುಡುತ್ತದೆ,
ಅದಕ್ಕೂ ನನಗೂ ಇರುವುದು ಒಂದೇ ಫ್ಯಾನು.

ಊರಿನ ಅಂಕಗಳೆಲ್ಲ ನನಗೆ ಗೊತ್ತು.
ಕೆಮಿಸ್ಟ್ರಿಯಲ್ಲಿ ಮೂವತ್ತೈದಕ್ಕೆ ದಡ ಸೇರಿದವನು
ಕಾರಿನಿಂದ ಇಳಿಯುತ್ತಾನೆ, ಸೀಟು ಆಗಲೇ ಆಗಿದೆ.
ತೊಂಬತ್ತೆಂಟು ತೆಗೆದವಳ ಅಪ್ಪ
ಎರಡು ರೂಪಾಯಿಗೆ ಚರ್ಚೆ ಮಾಡುತ್ತಾರೆ.
ನಾನು ಯಾರಿಗೂ ಹೇಳುವುದಿಲ್ಲ.
ಗಾಜಿನ ಮೇಲೆ ಕವುಚಿ ಹಾಕುತ್ತೇನೆ,
ಹಸಿರು ಬೆಳಕೊಂದು ಹೋಗಿ ಬರುತ್ತದೆ, ಅಷ್ಟೆ.

ಕ್ಯೂನಲ್ಲಿ ನಿಂತವರು ಕೇಳುವುದು ನನ್ನನ್ನೇ:
ಫಿಸಿಯೋಥೆರಪಿಗೆ ಸ್ಕೋಪ್ ಉಂಟಾ,
ಮೀನುಗಾರಿಕೆ ಕಾಲೇಜು ಅಂದ್ರೆ ಮೀನು ಹಿಡೀಲಿಕ್ಕೆ ಕಲಿಸುವುದಾ,
ನರ್ಸಿಂಗ್ ಮಾಡಿದ್ರೆ ಜರ್ಮನಿಯವರು ಕರೀತಾರಂತೆ, ಹೌದಾ,
ಸಿಸ್ಟರ್‌ಗಳ ಕಾಲೇಜಲ್ಲಿ ಶಿಸ್ತು ಜಾಸ್ತಿ, ಆದ್ರೆ ಎರಡು ಬಸ್ಸು ಬದಲಿಸಬೇಕಲ್ಲ?
ಸ್ಟೇಪ್ಲರ್ ಒತ್ತುತ್ತಾ ಹೂಂ ಅನ್ನುತ್ತೇನೆ.
ನನ್ನದು ಪಿಯುಸಿ, ತೊಂಬತ್ತಮೂರನೇ ಇಸವಿ, ಸೆಕೆಂಡ್ ಕ್ಲಾಸು.
ಅದರ ಕಾಪಿ ಈವರೆಗೆ ಯಾರೂ ಕೇಳಿಲ್ಲ.

ಅವಳು ಬಂದದ್ದು ಮಳೆ ಹಿಡಿದ ದಿನ.
ರಮ್ಲತ್. ಹೆಸರು ಅಂಕಪಟ್ಟಿಯಲ್ಲಿ ಓದಿದ್ದು.
ತಾಯಿ ಬೀಡಿ ಕಟ್ಟುವವರಿರಬೇಕು:
ಪ್ಲಾಸ್ಟಿಕ್ ಲಕೋಟೆ ತೆರೆದರೆ ಹೊಗೆಸೊಪ್ಪಿನ ವಾಸನೆ.
ಒಂದು ಚೂರು ಗಾಜಿನ ಮೇಲೆ ಉದುರಿ
ಎಂಬತ್ತೇಳರ ನಡುವೆ ಚುಕ್ಕಿಯಾಗಿ ಕೂತು
ಎಂಟು ದಶಮಾಂಶ ಏಳು ಎಂದು ಅಚ್ಚಾಯಿತು.
ಅವಳು ನಕ್ಕಳು. ನಾನು ಗಾಜು ಒರೆಸಿದೆ,
ಆ ಹಾಳೆಗೆ ದುಡ್ಡು ಹಿಡಿಯಲಿಲ್ಲ.

"ಅಣ್ಣಾ, ಬೇಗ ಮುಗಿಯುವುದು ಯಾವುದು?"
ಒಳ್ಳೆಯದು ಯಾವುದು ಎಂದೇ ಎಲ್ಲರೂ ಕೇಳುವ ಊರಲ್ಲಿ
ಇದಕ್ಕೆ ನನ್ನ ಬಳಿ ಹೂಂ ಇರಲಿಲ್ಲ.
ಹಿಂದಿನವರು ಕೊಡೆ ಕೊಡವಿದರು.
ಬೆಂಗರೆಯ ಫೆರಿ ಹೋಗ್ತದೆ ಎಂದು
ಚಿಲ್ಲರೆ ಎಣಿಸಿಟ್ಟು ಇಳಿದಳು.

ಮುಚ್ಚಳ ಎತ್ತಿದರೆ ಒರಿಜಿನಲ್ ಅಲ್ಲೇ.
ಹೀಗೆ ಬಿಟ್ಟು ಹೋಗುವುದು ಹೊಸತೇನಲ್ಲ. ಡ್ರಾಯರಿನಲ್ಲಿ
ಒಂದು ಟಿಸಿ ಇದೆ, ಒಬ್ಬನ ಜಾತಿ ಸರ್ಟಿಫಿಕೇಟು ಇದೆ,
ಒಂಬತ್ತು ವರ್ಷದ ಹಿಂದಿನದೊಂದು ನಡತೆ ಪ್ರಮಾಣಪತ್ರ —
ನಡತೆಯನ್ನು ಇಲ್ಲೇ ಬಿಟ್ಟು ಅವನು ಎಲ್ಲಿ ಸೇರಿದನೋ!
ಆದರೂ ಶಟರ್ ಅರ್ಧ ಎಳೆದು ಓಡಿದೆ,
ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್, ಬಂದರಿನ ಧಕ್ಕೆಯವರೆಗೆ,
ಅಂಗಿಯೊಳಗೆ ಅವಳ ಅಂಕಗಳು.
ದೋಣಿ ಆಗಲೇ ಹತ್ತು ಮಾರು ಆಚೆ.
ತುಂಬ ಕೊಡೆಗಳು. ಯಾವುದರ ಕೆಳಗೆ ಅವಳೋ.

ಹದಿನಾರು ದಿನ ಕಳೆದು ಬಂದಳು, ಸಂಜೆ, ಆರಕ್ಕೆ ಸ್ವಲ್ಪ ಮೊದಲು.
ಬೆರಳ ತುದಿಗಳು ಕಪ್ಪು. ಗೇರುಬೀಜದ ಫ್ಯಾಕ್ಟರಿ ಎಂದಳು,
ನಾನು ಕೇಳುವ ಮೊದಲೇ.
"ಒರಿಜಿನಲ್ ಉಂಟಾ? ನಾಳೆ ಕೊಡದಿದ್ರೆ ಹೆಸರು ತೆಗೀತಾರಂತೆ."
ಸಂಜೆ ಕಾಲೇಜು, ಬಿಕಾಂ, ಆರರಿಂದ ಎಂಟೂವರೆ.
"ಬೇಗ ಮುಗಿಯುವುದಿಲ್ಲ. ಆದ್ರೆ ಹಗಲು ಕೈಯಲ್ಲಿರ್ತದೆ.
ಕೊನೇ ದೋಣಿ ಸಿಗ್ತದಾ ನೋಡ್ಬೇಕು."

ತೆಗೆದು ಕೊಟ್ಟೆ. ಒಮ್ಮೆ ಊದಿ, ಅಂಗಿಯ ತುದಿಯಿಂದ ಒರೆಸಿ.
ಅವಳು ಮೆಟ್ಟಿಲಿಳಿದ ಮೇಲೆ
ಬೇರೆ ಯಾರಿಗೋ ಬೇಕಾಗಿದೆ ಎಂಬ ಹಾಗೆ ಕೂಗಿದೆ:
"ಅಲ್ಲಿ ವಯಸ್ಸಿನ ಲಿಮಿಟ್ ಏನಾದ್ರೂ ಉಂಟಾ?"

ತಿರುಗಿ ನಿಂತಳು.
"ಯಾರಿಗೆ?"