ಹಕಾರ

ಗ್ರಿಮ್ಸ್‌ಬಿ. ನವೆಂಬರಿನ ಮಂಗಳವಾರ, ಒಂಬತ್ತೂವರೆಗೂ ದೀಪ ಬೇಕು.
ತರಗತಿಯ ಹೊರಗೆ, ಕೋಟುಗಳು ನೇತಾಡುವ ಓಣಿಯಲ್ಲಿ
ಮೊಣಕಾಲು ಗದ್ದಕ್ಕೆ ತಾಗುವ ಎರಡು ಕುರ್ಚಿ:
ಒಂದರಲ್ಲಿ ನಾನು, ಒಂದರಲ್ಲಿ ಕೋಬಿ.
ಓದುವ ಮೊದಲು ಜಂಪರಿನ ತೋಳು ಅಗಿಯುತ್ತಾನೆ.

ನನ್ನ ತೊಡೆಯ ಮೇಲೆ ಹಾಳೆ. ನೂರು ಪದ, ನೂರು ಖಾಲಿ ಜಾಗ.
ಸರಿಯಾದರೆ ಒಂದು ಟಿಕ್. ತಪ್ಪಿದರೆ
ತಪ್ಪಿದ್ದನ್ನೇ ಮೇಲೆ ಬರೆ.
ನೆರವಾಗಬಾರದು. ತುಟಿ ಆಡಿಸಬಾರದು.
ಹುಬ್ಬೂ.

ಕಥೆಯಲ್ಲೊಂದು ಕೋಳಿ, ಗುಡ್ಡದ ಮೇಲೆ ಅದರ ಮನೆ.
‘ಎನ್,’ ಅಂದ ಕೋಬಿ. ಆಮೇಲೆ, ‘ಇಲ್.’
ಪೆನ್ಸಿಲ್ ಟಿಕ್ಕಿನ ಕುಳಿಯಲ್ಲೇ ನಿಂತಿತು.

ಮಳವಳ್ಳಿಯಲ್ಲಿ ನಾನೂ ಆಲು ಕುಡಿದವಳೇ.
ಅಸುಗೆ ಉಲ್ಲಾಕಿ, ಊವ ಮುಡಿದು, ಅಟ್ಟಿಯಿಂದ ಸ್ಕೂಲಿಗೆ ಓದರೆ
ನಂಜುಂಡಾರಾಧ್ಯ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ
‘ಹಾ ಅನ್ನು, ಉಸಿರು ಬಿಟ್ಟು ಅನ್ನು’ ಅನ್ನುತ್ತಿದ್ದರು.
ಅಂದೆ. ಉಸಿರು ಬಂತು, ಜತೆಗೆ ಕಣ್ಣೀರು.
ಕಾಪಿ ಪುಸ್ತಕದಲ್ಲಿ ‘ಆಲು’ವಿನ ಸುತ್ತ ಕೆಂಪು ಬಾವಿ.

ಹಾಳೆಯ ತಳದಲ್ಲಿ ಒಂದು ಸಾಲು, ಇರುವೆಯಂಥ ಅಕ್ಷರ:
ಊರ ಮಾತು ತಪ್ಪಲ್ಲ.
ಟಿಕ್ಕಿಗೆ ಬಾಲ ಎಳೆದೆ. ಬೇಕಾದ್ದಕ್ಕಿಂತ ಉದ್ದವೇ ಆಯಿತು.

ಮುಂದಿನ ಪುಟ. ‘ಓರ್ಸ್’ ಅಂದವನು
ಕೆಂಪು ಬಾಗಿಲಿನವರೆಗೂ ಹೋಗಿ ನಿಂತ.
ಚಿತ್ರ ನೋಡಿದ. ನನ್ನನ್ನು ನೋಡಿದ; ನಾನು ಗೋಡೆಯಾದೆ.
‘ಕುದುರೆಗೆ ಎಲ್ಲಿಯ ಬಾಗಿಲು, ಮಿಸ್?’
ಬೆರಳು ಒಂದೊಂದೇ ಪದ ಹಿಂದೆ ನಡೆದು,
ತೋಳು ಬಾಯಿಂದ ಜಾರಿ,
‘ಔಸ್!’

ತಾನೇ ತಿದ್ದಿಕೊಂಡ ಎನ್ನಲು ಹಾಳೆಯಲ್ಲೊಂದು ಗುರುತಿದೆ. ಹಾಕಿದೆ.

ಮಧ್ಯಾಹ್ನ ಕಂಪ್ಯೂಟರ್ ಕೇಳಿದ್ದು ಎರಡೇ: ಹೆಸರು, ಶೇಕಡಾ.
ತೊಂಬತ್ತೊಂದು ಒತ್ತಿದೆ. ಕೋಬಿ ಹಳದಿಯಾದ.
ಸೆಪ್ಟೆಂಬರಿನಲ್ಲೂ ಹಳದಿಯೇ.
‘ಇವನು ಕದಲಲೇ ಇಲ್ಲವಲ್ಲ’ ಅಂದರು ಹೆಡ್ ಮಿಸೆಸ್ ಬ್ರಾಕಲ್ಸ್‌ಬಿ,
ಕೆಟ್ಟ ಮನಸ್ಸಿನಿಂದಲ್ಲ; ಅವರ ಪಕ್ಕದಲ್ಲೂ
ಯಾರೋ ಸಣ್ಣ ಕುರ್ಚಿಯಲ್ಲಿ ಕೂತು ಹಾಳೆ ಹಿಡಿದಿದ್ದಾರೆ.

ಕದಲಿದ, ಅಂದೆ. ಹಿಂದಕ್ಕೆ. ನಾಲ್ಕು ಪದ.
ಅದು ಹೇಗೆ ಮುಂದಕ್ಕೆ ಎಂದು ಹೇಳಲು ಇಂಗ್ಲಿಷು ಹುಡುಕುವಷ್ಟರಲ್ಲಿ
ಗಂಟೆ ಹೊಡೆಯಿತು.

ಗೇಟಿನ ಬಳಿ, ಸಮುದ್ರದ ಗಾಳಿಗೆ ಕಿವಿ ಮುಚ್ಚಿ ನಿಂತ ಅಜ್ಜಿಗೆ
ಕೋಬಿ ಹೇಳುತ್ತಿದ್ದ, ಬಾಗಿಲಿದ್ದ ಕುದುರೆಯ ಸಂಗತಿ.
ಇಬ್ಬರೂ ನಕ್ಕರು, ಹ ಹ ಹಾ,
ಒಂದು ಹಕಾರವೂ ಕೆಳಗೆ ಬೀಳದಂತೆ.