ಆರನೆಯ ಹನಿ

ಹಗಲೆಲ್ಲ ಕಬ್ಬಿನ ಹಾಲಿನ ಸಿಹಿ ಅಳೆಯುವ ಕೆಲಸ.
ಗಾಜಿನ ಮೇಲೊಂದು ಹನಿ, ಮುಚ್ಚಳ, ಬೆಳಕಿಗೆ ಹಿಡಿದು
ಹದಿನೆಂಟು, ಹದಿನೆಂಟೂವರೆ, ಈ ಗಾಡಿಯದು ಹದಿನಾರು
ಎಂದು ಬರೆದರೆ ಗಾಡಿಯವನ ಮುಖ ಸಣ್ಣಗಾಗುತ್ತದೆ:
"ಮೇಡಂ, ಇನ್ನೊಂದ್ ಸಲ ನೋಡಿ."

ಮನೆಗೆ ಬಂದರೆ ಅಂಥದೇ ಇನ್ನೊಂದು ಕೊಳವೆ ಕಣ್ಣಿಗೆ;
ಅಳತೆಗೆರೆ ಮಾತ್ರ ಬೇರೆ.
ಇದರಲ್ಲಿ ಉಪ್ಪು, ಸಾವಿರಕ್ಕೆ ಮೂವತ್ತೈದು ನಿಲ್ಲಬೇಕು.
ಮಂಡ್ಯದ ಸುಭಾಷ್ ನಗರದಲ್ಲಿ
ಟಿವಿ ಇಡಬೇಕಾದ ಜಾಗದಲ್ಲಿ
ಇನ್ನೂರು ಲೀಟರ್ ಸಮುದ್ರ ಇದೆ.

ಪಕ್ಕದ ಜವರಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ.
"ಕುಡಿಯೋ ಕಾವೇರಿಗೆ ಉಪ್ಪು ಸುರೀತೀಯಲ್ಲವ್ವ,
ಜನ ಆ ನೀರ್ಗೇ ರಸ್ತೆ ಮೇಲೆ ಕೂತವ್ರೆ."
ನಿಜ. ಶುದ್ಧದ ಒಂದು ಕೊಡಕ್ಕೆ
ಯಂತ್ರ ಮೂರು ಕೊಡ ಆಚೆಗೆ ತಳ್ಳುತ್ತದೆ.
ಆ ಮೂರನ್ನೂ ಹೊತ್ತು ಅವಳ ಬಾಳೆಬುಡಕ್ಕೆ
ಹೊಯ್ದು ಬರುತ್ತೇನೆ, ದಂಡ ಕಟ್ಟಿದ ಹಾಗೆ.
ಕನ್ನಂಬಾಡಿಯಲ್ಲಿ ನಿಂತು, ನಾಲೆಗೆ ತಿರುಗಿ, ಗದ್ದೆಯಲ್ಲಿ ಇಂಗಿ,
ದಿನ ಬಿಟ್ಟು ದಿನ ನಲ್ಲಿಯಲ್ಲಿ ಕೆಮ್ಮುವ ಈ ನೀರು
ಹೊರಟಿದ್ದಂತೂ ಕಡಲಿಗೇ ಅಲ್ಲವೇ,
ನನ್ನ ಮನೆಯಲ್ಲಾದರೂ ಒಂದಿಷ್ಟು ಮುಟ್ಟಲಿ ಎಂದರೆ
ಅವಳು ನಗುವುದಿಲ್ಲ.

ಆರುವುದು ನೀರು ಮಾತ್ರ. ಉಪ್ಪು ಎಲ್ಲಿಗೂ ಹೋಗುವುದಿಲ್ಲ.
ಹೊಸಬರು ಎಡವುವುದು ಇಲ್ಲೇ, ಇಳಿದ ಗೆರೆಗೆ
ಮತ್ತೆ ಉಪ್ಪುನೀರೇ ಹೊಯ್ಯುತ್ತಾರೆ.
ಹೋದದ್ದು ಸಿಹಿ, ಸಿಹಿಯನ್ನೇ ತುಂಬಬೇಕು.
ಇಷ್ಟು ಕಲಿಯಲು ನನಗೆ ಎರಡು ಮೀನು ಹಿಡಿದವು.

ಭಾನುವಾರ ಪರೀಕ್ಷೆ. ಐದು ಮಿಲಿ ನೀರಿಗೆ ಮದ್ದು ಬಿದ್ದರೆ ನೀಲಿ,
ಆಮೇಲೆ ಹನಿ ಎಣಿಕೆ.
ನೀಲಿಯನ್ನು ಹಳದಿಗೆ ತಿರುಗಿಸಿದ ಹನಿ ಎಷ್ಟನೆಯದೋ
ಅಷ್ಟು ಕ್ಷಾರ. ಎಂಟಾದರೆ ಕ್ಷೇಮ.
ಆಷಾಢದಿಂದ ಆರಕ್ಕೇ ತಿರುಗತೊಡಗಿತು.
ಸೋಡಾ ಕರಗಿಸಿ ಹಾಕಿದೆ. ಮತ್ತೆ ಆರು.
ಚಮಚ ಏರಿಸಿದೆ. ಆರು.
ಎಷ್ಟು ತಿನ್ನುತ್ತದಪ್ಪಾ ನನ್ನ ಹವಳ ಎಂದು
ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳೇಕೆ.
ಅಷ್ಟರಲ್ಲಿ ಅದರ ತುದಿಗಳು ಬಿಳಿಚಿಕೊಂಡವು,
ಬಿಸಿಲಿಗೆ ಬಿದ್ದ ಸೋಗೆಯ ಹಾಗೆ.
ಕ್ಯಾಲ್ಸಿಯಂ ನೋಡಿದೆ, ದೀಪವನ್ನು ಬೈದೆ,
ಉಪ್ಪಿನ ಚೀಲದ ಮೇಲಿನ ತಾರೀಖು ಓದಿದೆ.

ಎದುರುಮನೆಯ ಸಬೀಹಾ, ಒಂಬತ್ತನೇ ಕ್ಲಾಸು,
ಮೀನಿಗೆ ಉಣಿಸಲು ಬಂದವಳು, ಶೀಶೆ ಹಿಡಿದಿದ್ದಳು ಆ ದಿನ.
ನಾಲ್ಕು. ಐದು. ಆರು.
"ಸಾಕು, ತಿರುಗಿತು" ಎಂದೆ.
"ಎಲ್ಲಿ? ಇನ್ನೂ ನೀಲೀನೇ ಅಲ್ವಾ ಆಂಟಿ?"
ಏಳು. "ನೀಲಿ." ಎಂಟು. "ನೀಲಿ."
ಹನ್ನೊಂದಕ್ಕೂ ಅವಳು ತಲೆಯಾಡಿಸಿದಳು.
ಹದಿಮೂರನೆಯದಕ್ಕೆ "ಹಾಂ, ಈಗ."
ನನಗೆ ಆರರಿಂದಲೂ ಅದೊಂದೇ ಬಣ್ಣ.

ಪೊರೆ, ಎಂದರು ಡಾಕ್ಟರು. ಎರಡೂ ಕಣ್ಣಿಗೆ, ಕಾಕಂಬಿಯ ಹಾಗೆ ಹಳದಿ.
"ನೀಲಿ ಮೊದಲು ಹೋಗುತ್ತೆ, ಗೊತ್ತೇ ಆಗಲ್ಲ."
ಮಿಲ್ಲಿನ ಕೊಳವೆಯೊಳಗೂ ಒಂದು ನೀಲಿಗೆರೆ ಇದೆ.
ಆಷಾಢದಿಂದ ಎಷ್ಟು ಗಾಡಿ ಬಂದವು,
ಎಷ್ಟು ಜನ ಇನ್ನೊಂದ್ ಸಲ ನೋಡಿ ಎಂದರು,
ನಾನು ನೋಡಿದೆ, ಅದನ್ನೇ ಬರೆದೆ.

ಕಣ್ಣಿನ ಆಪರೇಷನ್ನು ಮುಂದಿನ ತಿಂಗಳು.
ಸೋಡಾ ಡಬ್ಬಿ ಮೇಲಟ್ಟಕ್ಕೆ ಹೋಗಿದೆ.
ಏರಿಸಿದ್ದನ್ನು ಒಂದೇ ರಾತ್ರಿಯಲ್ಲಿ ಇಳಿಸಬಾರದು, ಅದೂ ಕೊಲ್ಲುತ್ತದೆ;
ಹವಳ ತಾನೇ ತಿಂದು ತಗ್ಗಿಸಬೇಕು, ನಾನು ಕೈಕಟ್ಟಿ ಕೂರಬೇಕು.
ಈ ಭಾನುವಾರ ಹನ್ನೆರಡು,
ಸಬೀಹಾಳ ದುಂಡು ಅಕ್ಷರದಲ್ಲಿ, ನನ್ನ ಆರುಗಳ ಕೆಳಗೆ.

ಸಂಜೆ ಗೋಡೆಯಾಚೆಯಿಂದ ಜವರಮ್ಮ:
"ಯಾಕವ್ವ, ಈಚೆಗೆ ಬಾಳೆಗೆ ನೀರೇ ಬತ್ತಿಲ್ಲ?"