ವಾಪಸು ಬಂದ ಕಾರಣ

ಅರಸೀಕೆರೆಯಲ್ಲಿ, ಗೂಡ್ಸ್ ಶೆಡ್ಡಿನ ಹಿಂದಿನ ಓಣಿಯಲ್ಲಿ
ಒಂದು ಕಾಲಕ್ಕೆ ಕೊಬ್ಬರಿ ಚೀಲ ಪೇರಿಸುತ್ತಿದ್ದ ಮಳಿಗೆ.
ಆ ಕಮಟು ಇನ್ನೂ ಹೋಗಿಲ್ಲ. ಅದರ ನಡುವೆ
ಗೋಡೆಗೊರಗಿ ನಿಂತಿವೆ
ವಾಕರು, ಊರುಗೋಲು, ಗಾಲಿ ಓರೆಯಾದ ಕುರ್ಚಿ,
ಪ್ಲಾಸ್ಟಿಕ್ಕು ಕೂಡ ಬಿಚ್ಚದ ಒಂದು ಕಮೋಡು.
ತಂದ ರಾತ್ರಿಯೇ ಅದು ಬೇಡವಾಯಿತಂತೆ.

ಕೊಡುವವರಿಗೇನೂ ಬರವಿಲ್ಲ.
ತಿಥಿ ಮುಗಿದ ಮೇಲೆ ಆಟೋದಲ್ಲಿ ಹೇರಿ ತರುತ್ತಾರೆ,
'ಯಾರಿಗಾದರೂ ಆಗಲಿ' ಎಂದು ಇಳಿಸಿ
ತಿರುಗಿ ನೋಡದೆ ಹೋಗುತ್ತಾರೆ.
ಆದರೆ ಬೇರಿಂಗಿಗೆ ಯಾರು ಕೊಡುತ್ತಾರೆ?
ಟ್ಯೂಬಿಗೆ, ಬ್ರೇಕಿನ ವೈರಿಗೆ, ಡೆಟಾಲಿಗೆ, ಬಾಡಿಗೆಗೆ?
ಹೊಸ ಕುರ್ಚಿಯಾದರೆ ಬೆನ್ನಿಗೆ ಹೆಸರು ಬರೆಸಬಹುದು,
ಪಕ್ಕ ನಿಂತು ಫೋಟೋ ತೆಗೆಸಬಹುದು.
ನಟ್ಟಿನ ಮೇಲೆ ಯಾರ ಹೆಸರು ಹಿಡಿದೀತು?

ದಸ್ತಗೀರ್ ಸಾಬರು ಕೂಲಿ ಬರೆಸುವುದಿಲ್ಲ.
'ಮುಂದಿನ ತಿಂಗಳು' ಅನ್ನುತ್ತಾರೆ.
ಮೂರು ವರ್ಷದಿಂದ ಅದೇ ತಿಂಗಳು.
ಮಂಡಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು ನಾನು,
ಬಾರದ ಆ ತಿಂಗಳನ್ನೂ ಬಾಕಿಯ ಕಡೆಗೇ ಏರಿಸುತ್ತೇನೆ.
ನನ್ನ ಎಡಗಾಲಿನ ಕ್ಯಾಲಿಪರಿಗೆ ರಿವೆಟ್ ಹೊಡೆದವರೂ ಅವರೇ.
ಅದು ಬೇರೆ ಲೆಕ್ಕ.

ವರ್ತಕರ ಬಳಿ ಹೋದೆವು,
ನೂರು ಕಾಯಿಗೊಂದು ಕಾಯಿ ತೆಗೆದಿಡಿ ಎಂದು.
ಟೀ ಕೊಟ್ಟರು, ನೋಡೋಣ ಎಂದರು.
ಟೀ ಚೆನ್ನಾಗಿತ್ತು.
ಹೊರಗೆ ಚೀಲದ ಮೇಲೆ ಕೂತಿದ್ದ ಹಮಾಲಿ ಕೆಂಚಪ್ಪ
ಎಲ್ಲ ಕೇಳಿಸಿಕೊಂಡಿದ್ದ.
ಮಾರನೆಯ ಸಂತೆಯಿಂದ ತಲೆಗೆ ಐದು ರೂಪಾಯಿ
ಹಾರ್ಲಿಕ್ಸ್ ಬಾಟಲಿಗೆ ಬೀಳತೊಡಗಿತು.
ಬೆನ್ನು ಅಂದರೆ ಏನೆಂದು ಅವರಿಗೆ ಗೊತ್ತು.

ನನ್ನ ದಪ್ಪ ಪುಸ್ತಕದ ಕೊನೆಯ ಕಾಲಂ:
ವಾಪಸು ಬಂದ ಕಾರಣ.
ಗಂಡಸಿ, ಊರುಗೋಲು: ವಾಸಿಯಾಯಿತು.
ಜಾವಗಲ್, ಮಂಚ: ತೀರಿಕೊಂಡರು.
ಹಾರನಹಳ್ಳಿ: ತೀರಿಕೊಂಡರು.
ಕೆಳಗೆ ಪುಟದುದ್ದಕ್ಕೂ, ಅದೇ, ಅದೇ, ಅದೇ.

ಇವತ್ತು ಹದಿನೇಳನೇ ನಂಬರು ಬಂತು.
ಪುಟ್ಟ ಕುರ್ಚಿ, ನೀಲಿ ರೆಕ್ಸಿನ್ನು,
ಬಾಣಾವರದ ರತ್ನಾಕ್ಷಿ ತಳ್ಳಿಕೊಂಡು ಬಂದಳು, ಖಾಲಿ.
ಪೆನ್ನಿನ ಮುಚ್ಚಳ ತೆಗೆದೆ. ಕೇಳಲು ಬಾಯಿ ಬರಲಿಲ್ಲ.
ಬೆರಳು ಆಗಲೇ 'ತೀ' ಬರೆದಿತ್ತು.

ಹಿಂದಿನಿಂದ ಅವಳ ತಮ್ಮ ಬಂದ,
ಹೆಗಲ ಮೇಲೆ ಯತೀಶ,
ಕಾಲು ಅವನ ಸೊಂಟದವರೆಗೆ ಇಳಿಬಿದ್ದಿವೆ,
ಬಾಯಲ್ಲಿ ಕಡಲೆಮಿಠಾಯಿ.
'ಚಿಕ್ಕದಾಗೋಯ್ತು ಮೇಡಂ, ಮಂಡಿ ತಾಗ್ತದೆ.'

ಆ ಒಂದಕ್ಷರ ಹೊಡೆದುಹಾಕಿದೆ,
ಪುಸ್ತಕ ಹರಿಯುವಷ್ಟು ಒತ್ತಿ.
ಪಕ್ಕದಲ್ಲಿ ಬರೆದೆ: ಚಿಕ್ಕದಾಯಿತು.
ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ದೊಡ್ಡದು ಮಳಿಗೆಯಲ್ಲಿಲ್ಲ.
ಬಾಟಲಿ ಬಗ್ಗಿಸಿ ಎಣಿಸಿದೆ, ಆರುನೂರ ಹದಿನೈದು.
ಸಾಬರು ಟೇಪು ಹಿಡಿದು ಹುಡುಗನ ತೊಡೆ ಅಳೆದರು,
ಪೈಪು ಕತ್ತರಿಸಿ ಎರಡಿಂಚು ಬೆಸೆಯುತ್ತೇನೆ ಎಂದರು.

'ನಾಲ್ಕಿಂಚು ಹಾಕಿ ಸಾಬ್ರೇ,' ಅಂದಳು ರತ್ನಾಕ್ಷಿ,
ಜೂನ್ ತಿಂಗಳಲ್ಲಿ ಟೈಲರಿಗೆ ಹೇಳುವ ಹಾಗೆ,
'ಬೆಳೆಯೋ ಹುಡುಗ.'